ಒಂದು ಚುಕ್ಕೆ, ಒಂದು ಅಂಕಿ: ಹಳೇ ರೂಪಾಯಿಯ ವೆರೈಟಿ ಗುರುತಿಸೋದು, ನಕಲಿ ಹಿಡಿಯೋದು

ಆರನೇ ಜಾರ್ಜ್ ತಲೆ ಇರೋ ಎರಡು ಬೆಳ್ಳಿ ರೂಪಾಯಿ ಪಕ್ಕಪಕ್ಕ ಇಡಿ. ತೂಕ ಒಂದೇ, ಬೆಳ್ಳಿ ಒಂದೇ, ಮೇಲ್ನೋಟಕ್ಕೆ ಎಲ್ಲಾ ಒಂದೇ. ಒಂದರಲ್ಲಿ 1938 ಅಂತಿದೆ, ಇನ್ನೊಂದರಲ್ಲಿ 1939. 1938ರದ್ದು ಯಾವ ನಾಣ್ಯ ಮೇಳಕ್ಕೆ ಹೋದ್ರೂ ಸಿಗುತ್ತೆ. 1939ರದ್ದು ಬಹುಪಾಲು ಕರಗಿ ಹೋಗಿದೆ, ಹಾಗಾಗಿ ಬ್ರಿಟಿಷ್ ಇಂಡಿಯಾ ನಾಣ್ಯ ಕೂಡಿಸೋರು ವರ್ಷಗಟ್ಟಲೆ ಹುಡುಕ್ತಾರೆ, ಸಿಕ್ಕಿದಾಗ ಭಾರೀ ಬೆಲೆ ಕೊಡ್ತಾರೆ. ಎಂಟಕ್ಕೂ ಒಂಬತ್ತಕ್ಕೂ ಇರೋ ವ್ಯತ್ಯಾಸ ಸೂಜಿ ಮೊನೆಯಷ್ಟು ಲೋಹ. ಆ ಸೂಜಿ ಮೊನೆಯಷ್ಟನ್ನ ಕೆರೆದು ತೆಗೆಯೋಕೆ ಬರೋ ಕೈಗಳೂ ಊರ್ ತುಂಬಾ ಇವೆ, ಅದೇ ತೊಂದರೆ.

ಹೊಸದಾಗಿ ಹವ್ಯಾಸ ಶುರು ಮಾಡಿದವರು ಎಲ್ಲರೂ ಕೇಳೋ ಮೊದಲ ಪ್ರಶ್ನೆ "ಇದು ರೇರ್ ಆ, ಎಷ್ಟು ಬರುತ್ತೆ". ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಕೇಳಬೇಕಾದ್ದು ನಾಣ್ಯ ಅಸಲಿನಾ ಅಂತ, ಆಮೇಲೆ ಕೇಳಬೇಕಾದ್ದು ನಿಮಗೆ ಕಾಣ್ತಿರೋ ಈ ವ್ಯತ್ಯಾಸ ಟಂಕಸಾಲೆಯ ಅಚ್ಚಿನಿಂದ ಬಂತಾ ಅಥವಾ ನಾಣ್ಯ ಹೊರಗೆ ಬಂದ ಮೇಲೆ ಯಾರದೋ ಕೈಯಲ್ಲಿ, ಯಾವುದೋ ಬೆಂಕಿಯಲ್ಲಿ, ಯಾವುದೋ ರಸ್ತೆಯಲ್ಲಿ ಆಯ್ತಾ ಅಂತ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ರೇರ್ ಹೌದೋ ಅಲ್ವೋ ಅನ್ನೋದು ಕ್ಯಾಟಲಾಗ್ ನೋಡಿ ಹೇಳಬಹುದು, ಸಿಗದಿದ್ರೆ ಕ್ಯಾಟಲಾಗ್ ಇಟ್ಕೊಂಡೂ ಪ್ರಯೋಜನ ಇಲ್ಲ.

ಅಚ್ಚು, ಅಂದ್ರೆ ಡೈ, ಇದರ ಕೆಲಸ ಸರಿಯಾಗಿ ಅರ್ಥ ಆದ್ರೆ ಅರ್ಧ ದಾರಿ ಬಂದ ಹಾಗೆ. ನಾಣ್ಯದ ಮೇಲೆ ಉಬ್ಬಿರೋದೆಲ್ಲಾ ಡೈ ಮೇಲೆ ತಗ್ಗಾಗಿರುತ್ತೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕ್ತಾರಲ್ಲ, ಆ ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕಿನ ಹತ್ತಿರ ಒಂದು ಚೂರು ಮರ ಎದ್ದು ಹೋಗಿದ್ರೆ ಆ ವರ್ಷದ ಎಲ್ಲಾ ಗಿಳಿಗೂ ಅದೇ ಜಾಗದಲ್ಲಿ ಒಂದು ಸಣ್ಣ ಗಂಟು ಬರುತ್ತೆ, ಟಂಕಸಾಲೆಯಲ್ಲೂ ಹಾಗೇನೇ. ಡೈ ಬಿರುಕು ಬಿಟ್ರೆ ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತೆ, ಡೈ ಮೂಲೆ ಮುರಿದ್ರೆ ಉಬ್ಬಿದ ಗುಡ್ಡೆ ಬರುತ್ತೆ. ನಾಣ್ಯದ ಮೇಲೆ ತಗ್ಗು ಗೀರು ಇದ್ರೆ ಅದು ಹೆಚ್ಚು ಕಮ್ಮಿ ಯಾವಾಗ್ಲೂ ಆಮೇಲೆ ಬಿದ್ದ ಗೀರು. ಲೂಪ್ (ಕಣ್ಣಿಗೆ ಹಿಡಿದು ನೋಡೋ ಸಣ್ಣ ಭೂತಗನ್ನಡಿ) ಕೆಳಗೆ ಒಂದು ಗೆರೆ ಕಂಡ ತಕ್ಷಣ ನಾಣ್ಯನ ಬೆಳಕಿಗೆ ಓರೆ ಹಿಡಿದು ತಿರುಗಿಸಿ, ಉಬ್ಬಾ ತಗ್ಗಾ ಅಂತ ನೋಡಿ, ಇದೊಂದೇ ಅಭ್ಯಾಸ "ಎರರ್ ಕಾಯಿನ್" ಅಂತ ಮಾರೋ ಎಷ್ಟೋ ಚಿಲ್ಲರೆಯನ್ನ ಪಕ್ಕಕ್ಕೆ ಇಡುತ್ತೆ.

ಒಂದೇ ಡೈನಿಂದ ಸಾವಿರಾರು ನಾಣ್ಯ ಬರುತ್ತೆ, ಆದ್ದರಿಂದ ಡೈನಲ್ಲಿರೋ ಗುರುತು ಅಷ್ಟೂ ನಾಣ್ಯದಲ್ಲಿ ಅದೇ ಜಾಗದಲ್ಲಿ ಇರುತ್ತೆ, ಅದಕ್ಕೆ ವೆರೈಟಿ ಅಂತೀವಿ. ಹೊಡೆಯೋವಾಗ ಒಂದು ಸಲ ಎಡವಟ್ಟಾಗಿ ಬಿಲ್ಲೆ (ಇನ್ನೂ ಚಿತ್ರ ಬೀಳದ ಖಾಲಿ ಲೋಹದ ತುಂಡು) ಪಕ್ಕಕ್ಕೆ ಸರಿದು ಅರ್ಧ ಚಿತ್ರ ಮಾತ್ರ ಬಂದ್ರೆ ಅದು ಎರರ್, ಅಂಥದ್ದೇ ಇನ್ನೊಂದು ಇರಬೇಕಂತಿಲ್ಲ. ಸರ್ಕಾರವೇ ಬೇಕು ಅಂತ ಬೇರೆ ಬೇರೆ ಮಾಡಿದ್ರೆ ಅದು ಟೈಪ್, ಉದಾಹರಣೆಗೆ 1964ರ ನೆಹರು 50 ಪೈಸೆಯಲ್ಲಿ ಹೆಸರು ಇಂಗ್ಲಿಷಿನಲ್ಲಿರೋದೂ ಇದೆ ಹಿಂದಿಯಲ್ಲಿರೋದೂ ಇದೆ. ರೈಲು ಹಳಿ ಮೇಲೆ ಇಟ್ಟು ಚಪ್ಪಟೆ ಆದದ್ದು, ಆಸಿಡ್‌ನಲ್ಲಿ ತೆಳ್ಳಗಾದದ್ದು, ಸುತ್ತಿಗೆ ಏಟು ತಿಂದದ್ದು, ಇವೆಲ್ಲಾ ಬರೀ ಡ್ಯಾಮೇಜ್.

ಹಾಗಾದ್ರೆ ವೆರೈಟಿ ಯಾಕೆ ಹುಟ್ಟುತ್ತೆ? 19ನೇ ಶತಮಾನದಲ್ಲಿ ಡೈ ಮೇಲಿನ ಅಂಕಿ, ಚುಕ್ಕೆ, ಟಂಕಸಾಲೆ ಗುರುತುಗಳನ್ನ ಎಷ್ಟೋ ಸಲ ಕೈಯಿಂದ ಪಂಚ್ (ಅಂಕಿ, ಅಕ್ಷರ ಒತ್ತೋ ಸಣ್ಣ ಉಕ್ಕಿನ ಕಡ್ಡಿ) ಇಟ್ಟು ಕೂರಿಸ್ತಿದ್ರು, ಹಳೇ ಡೈನ ತಿದ್ದಿ ಮತ್ತೆ ಬಳಸ್ತಿದ್ರು, ಹೊಸ ಡೈ ಕೆತ್ತುವಾಗ ಎಲೆ ಹೂವು ಸ್ವಲ್ಪ ಬದಲಾಗ್ತಿತ್ತು. ಹಾಗಾಗಿ ಬ್ರಿಟಿಷ್ ಇಂಡಿಯಾದ ರೂಪಾಯಿ ಕಲಿಯೋಕೆ ಬಹಳ ಒಳ್ಳೆ ಮೈದಾನ. ಸಾಮಾನ್ಯ ರೂಪಾಯಿಗಳು ಈಗಲೂ ಕೈಗೆಟುಕುತ್ತೆ, ಎಲ್ಲದಕ್ಕೂ ಒಂದೇ ಅಳತೆ, 180 ಗ್ರೇನ್ ಅಂದ್ರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, 1835ರಿಂದ 1939ರವರೆಗೆ ಇದು ಬದಲಾಗಲೇ ಇಲ್ಲ.

1835ರ ನಾಲ್ಕನೇ ವಿಲಿಯಂ ರೂಪಾಯಿ ತಗೊಳ್ಳಿ. ರಾಜನ ಕುತ್ತಿಗೆ ಕತ್ತರಿಸಿದ ಜಾಗದಲ್ಲಿ ಸಣ್ಣ ಅಕ್ಷರ ಇರುತ್ತೆ. ಕೆಲವದರಲ್ಲಿ ಆರ್.ಎಸ್., ಕೆಲವದರಲ್ಲಿ ಎಫ್. ಆರ್.ಎಸ್. ಅಂದ್ರೆ ಕಲ್ಕತ್ತಾ ಮಿಂಟ್ ಮಾಸ್ಟರ್ (ಟಂಕಸಾಲೆ ಮುಖ್ಯಸ್ಥ) ರಾಬರ್ಟ್ ಸಾಂಡರ್ಸ್, ಎಫ್ ಅಂದ್ರೆ ಅವರ ನಂತರದ ವಿಲಿಯಂ ನೈರ್ನ್ ಫೋರ್ಬ್ಸ್. ಎಫ್‌ನಲ್ಲೇ ಉಬ್ಬಿರೋದು ಒಂದು, ಕೊರೆದ ಹಾಗೆ ತಗ್ಗಿರೋದು ಒಂದು. ಅಕ್ಷರವೇ ಇಲ್ಲದ್ದು ಇನ್ನೊಂದು ಅಂತ ಮಾರ್ತಾರೆ, ಇಲ್ಲಿ ತುಂಬಾ ಹುಷಾರಾಗಿರಬೇಕು. ಉಬ್ಬಿದ ಅಕ್ಷರ ಸವೆತಕ್ಕೆ ಬೇಗ ಹೋಗುತ್ತೆ, ತಗ್ಗು ಅಕ್ಷರ ತುಂಬಾ ದಿನ ಉಳಿಯುತ್ತೆ. ಕೂದಲ ಎಳೆ, ಕಿವಿ ಎಲ್ಲಾ ಚಪ್ಪಟೆ ಆಗಿರೋ ನಾಣ್ಯದಲ್ಲಿ ಅಕ್ಷರ ಕಾಣ್ತಿಲ್ಲ ಅಂದ್ರೆ ಅದು ಇಲ್ಲದ್ದೋ ಸವೆದದ್ದೋ ಯಾರೂ ಹೇಳೋಕಾಗಲ್ಲ, ಅಂಥ ನಾಣ್ಯಕ್ಕೆ ವೆರೈಟಿ ಬೆಲೆ ಕೊಡಬೇಡಿ.

1840ರ ವಿಕ್ಟೋರಿಯಾದಲ್ಲಿ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ. ಒಂದರಲ್ಲಿ ರಾಣಿಯ ಹೆಸರು ತಲೆ ಮೇಲೆ ಕಮಾನಿನ ಹಾಗೆ ಒಂದೇ ಸಮ ಹೋಗುತ್ತೆ, ಇನ್ನೊಂದರಲ್ಲಿ ತಲೆಯ ಎಡಕ್ಕೊಂದು ಬಲಕ್ಕೊಂದು ಪದ ಒಡೆದಿರುತ್ತೆ. ಅದಾದ ಮೇಲೆ ಒಳಕ್ಕೆ ಹೋಗಿ, ಕುತ್ತಿಗೆಯಲ್ಲಿ ವಿಲಿಯಂ ವಯಾನ್ ಅನ್ನೋ ಕೆತ್ತನೆಗಾರನ ಡಬ್ಲ್ಯು.ಡಬ್ಲ್ಯು. ಉಬ್ಬಿದೆಯಾ ತಗ್ಗಾ ನೋಡಿ, ಹಿಂಬದಿಯ ಮಾಲೆಯಲ್ಲಿ ಎಲೆ ನಡುವೆ ಇರೋ ಕಾಯಿಗಳನ್ನ ಎಣಿಸಿ. ಎಣಿಸೋದು ಅಂದ್ರೆ ನಿಜವಾಗ್ಲೂ ಒಂದೊಂದಾಗಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಅದರ ಮೇಲೆ ಗುರುತು ಹಾಕ್ಕೊಂಡು ಎಣಿಸಿದ್ರೆ ತಪ್ಪೋದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ 1862. ಆ ಇಸವಿಯ ರೂಪಾಯಿ ನಿಮ್ಮ ಕೈಯಲ್ಲಿದ್ರೆ ಅದು 1862ರಲ್ಲೇ ಹೊಡೆದದ್ದು ಅಂತ ಏನೂ ಇಲ್ಲ, ಯಾಕಂದ್ರೆ 1874ರಲ್ಲಿ ಇಸವಿ ಬದಲಾಗೋ ತನಕ ಅದೇ ಇಸವಿ ಹಾಕಿ ಹೊಡೀತಾನೇ ಇದ್ರು. (1840 ಕೂಡ ಹೀಗೇ, 1862 ಬರೋ ತನಕ ಅದೇ ಇಸವಿ ನಡೀತು.) ಆದ್ರೆ ಬಾಂಬೆ ಟಂಕಸಾಲೆಯವರು ಒಂದು ಕೆಲಸ ಮಾಡಿದ್ರು, ಇಸವಿ ಕೆಳಗೆ, ಕೆಲವದರಲ್ಲಿ ಹಿಂಬದಿಯ ಮೇಲಿನ ಹೂವಿನ ಕೆಳಗೂ, ಸಣ್ಣ ಸಣ್ಣ ಚುಕ್ಕೆ ಇಟ್ರು, ಹೊಡೆದ ವರ್ಷ ಬದಲಾದ ಹಾಗೆ ಚುಕ್ಕೆಯ ಲೆಕ್ಕ ಬದಲಾಗ್ತಾ ಹೋಯ್ತು. ಹಾಗಾಗಿ ಬರೀ "1862 ರೂಪಾಯಿ" ಅಂತ ಯಾರಾದ್ರೂ ಮಾರಿದ್ರೆ ಅದರಲ್ಲಿ ಹತ್ತಾರು ಬೇರೆ ಬೇರೆ ನಾಣ್ಯ ಅಡಗಿರುತ್ತೆ, ಮೇಲೆಷ್ಟು ಚುಕ್ಕೆ ಕೆಳಗೆಷ್ಟು, ಯಾವ ಬಸ್ಟು (ರಾಣಿಯ ತಲೆ-ಎದೆಯ ಚಿತ್ರ), ಯಾವ ರಿವರ್ಸು (ಹಿಂಬದಿಯ ಚಿತ್ರ), ಎಲ್ಲಾ ಸೇರಿ ಒಂದು ಗುರುತು ಆಗುತ್ತೆ. ಇಲ್ಲಿಯೂ ಒಂದು ಮಾತು. ಚುಕ್ಕೆ ಅಂದ್ರೆ ದುಂಡಗೆ, ಬುಡ ಸಮೇತ ನಾಣ್ಯದ ಮೈಯಿಂದಲೇ ಎದ್ದಿರಬೇಕು, ಸುತ್ತಲಿನ ಮೇಲ್ಮೈ ಬಣ್ಣ ಎಲ್ಲೂ ಕೆಡದೆ ಅದರ ಬುಡದವರೆಗೂ ಹೋಗಿರಬೇಕು. ಕೊಳೆಯ ಕಾಳು, ತುಕ್ಕಿನ ಗಂಟು, ಡೈ ಸವೆದು ಎದ್ದ ಗುಳ್ಳೆ ಇವೆಲ್ಲಾ ಫೋಟೋದಲ್ಲಿ ಚುಕ್ಕೆ ಹಾಗೇ ಕಾಣುತ್ತೆ. ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿದ್ರೆ ಜಿಡ್ಡು ಕೊಳೆ ಹೋಗುತ್ತೆ, ಬೆಳ್ಳಿಗೆ ಏನೂ ಆಗಲ್ಲ (ಬೆಂಕಿ ಹತ್ತಿರ ಬೇಡ, ಕಿಟಕಿ ತೆಗೆದಿಡಿ). ಹುಣಸೇಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಇವು ಮಾತ್ರ ಯಾವತ್ತೂ ಬೇಡ, ಒಂದು ಸಲ ಉಜ್ಜಿದ ನಾಣ್ಯದ ಮೈ ವಾಪಸ್ ಬರೋದಿಲ್ಲ, ಬೆಲೆಯೂ ಬರೋದಿಲ್ಲ.

1911 ಇನ್ನೊಂದು ಚಂದದ ಕೇಸು. ಐದನೇ ಜಾರ್ಜ್ ಹಾಕಿಕೊಂಡಿರೋ ನಿಲುವಂಗಿ ಮೇಲೆ ಆನೆಯ ಚಿತ್ರ ಇದೆ. ಮೊದಲ ವರ್ಷದ ಕೆತ್ತನೆಯಲ್ಲಿ ಸೊಂಡಿಲು ಗಿಡ್ಡ ಆಗಿ ಆನೆ ಹಂದಿ ಹಾಗೆ ಕಾಣ್ತು, ಜನ ಗಲಾಟೆ ಮಾಡಿದ್ರು, ಸರ್ಕಾರ ನಾಣ್ಯ ತಡೆಹಿಡಿದು 1912ಕ್ಕೆ ಸೊಂಡಿಲು ಸ್ಪಷ್ಟವಾಗಿ ಕಾಣೋ ಹಾಗೆ ತಿದ್ದಿತು. ಸಂಗ್ರಹಕಾರರು ಇವತ್ತಿಗೂ ಅದನ್ನ ಪಿಗ್ ರುಪೀ ಅಂತಾನೇ ಕರೀತಾರೆ. ನಕಲಿ ಹಿಡಿಯೋಕೆ ಇದು ಎಷ್ಟು ಅನುಕೂಲ ನೋಡಿ, ಯಾರಾದ್ರೂ ಮುಂದಿನ ವರ್ಷಗಳ ರೂಪಾಯಿಯ ಕೊನೇ ಅಂಕಿ ತಿದ್ದಿ 1911 ಮಾಡಿದ್ರೆ ಆನೆಯೇ ಸಾಕ್ಷಿ ಹೇಳುತ್ತೆ, 1911 ಅಂತ ಇದ್ದು ಆನೆಗೆ ಉದ್ದ ಸೊಂಡಿಲಿದ್ರೆ ನಾಣ್ಯ ಕೆಳಗಿಟ್ಟು ಎದ್ದು ಬನ್ನಿ. ಇದೇ ಸಾಲಿನ ರೂಪಾಯಿಗಳಲ್ಲಿ ಹಿಂಬದಿ ಕೆಳಗಿನ ಕಮಲದ ಹತ್ತಿರ ಚುಕ್ಕೆ ಇದ್ರೆ ಬಾಂಬೆ, ಇಲ್ಲದಿದ್ರೆ ಕಲ್ಕತ್ತಾ.

ಈಗ 1939ಕ್ಕೆ ಬರೋಣ, ಅದೇ ಕಷ್ಟದ್ದು, ಯಾಕಂದ್ರೆ ಇದರಲ್ಲಿ ಮೋಸ ಮೂರು ಥರ ಬರುತ್ತೆ.

ಮೊದಲನೆಯದು ಅಸಲಿ 1938ರ ಎಂಟನ್ನ ಒಂಬತ್ತು ಮಾಡೋದು. ಎಂಟರ ಕೆಳಗಿನ ಸೊನ್ನೆಯ ಎಡಭಾಗ ಕೆರೆದು ತೆಗೆದ್ರೆ ಒಂಬತ್ತು ಥರ ಆಗುತ್ತೆ. ನೋಡಬೇಕಾದ್ದು ಎರಡು. 1939 ಅನ್ನೋದ್ರಲ್ಲಿ ಎರಡು ಒಂಬತ್ತು ಇದೆ, ಎರಡನೇ ಜಾಗದಲ್ಲೊಂದು ಕೊನೆಯಲ್ಲೊಂದು. ಎರಡನ್ನೂ ಹೋಲಿಸಿ, ತಲೆಯ ಗುಂಡಿ, ಬಾಲದ ಬಾಗು, ಗೆರೆಯ ದಪ್ಪ ಎಲ್ಲಾ ಒಂದೇ ಕೈಯದ್ದು ಅನ್ನಿಸಬೇಕು. ಆಮೇಲೆ ಕೊನೆಯ ಒಂಬತ್ತಿನ ಎಡಗಡೆ ಕೆಳಗೆ ಖಾಲಿ ಜಾಗ ನೋಡಿ, ಕೆರೆದಿದ್ರೆ ಅಲ್ಲಿ ಸಣ್ಣ ತಗ್ಗು, ಸೂಕ್ಷ್ಮ ಗೀರು, ಅಥವಾ ಅಷ್ಟೇ ಜಾಗ ಹೆಚ್ಚು ಹೊಳೆಯೋದು ಕಾಣುತ್ತೆ. ಹತ್ತು ಪಟ್ಟು ತೋರಿಸೋ ಲೂಪ್ ಸಾಕು, ಆದ್ರೆ ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳಬೇಕು, ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ಏನೂ ಗೊತ್ತಾಗಲ್ಲ.

ಎರಡನೆಯದು ಎರಕ. ಅಸಲಿಯ ಅಚ್ಚು ತೆಗೆದು ಲೋಹ ಹುಯ್ದದ್ದು. ಅಕ್ಷರದ ಅಂಚು ಮೃದು, ಮೈ ಮೇಲೆ ಸಣ್ಣ ಸಣ್ಣ ರಂಧ್ರ, ಅಂಚಿನ ಸುತ್ತ ಜೋಡಿಸಿದ ಗೆರೆ ಇಲ್ಲವೇ ಅದನ್ನ ಅರದಲ್ಲಿ ಉಜ್ಜಿದ ಗುರುತು. ಪ್ರೆಸ್‌ನಲ್ಲಿ ಹೊಡೆದ ನಾಣ್ಯದಲ್ಲಿ ಲೋಹ ಒತ್ತಡಕ್ಕೆ ಹರಿದು ಅಕ್ಷರದ ಗೋಡೆ ಚೂಪಾಗಿ ನಿಂತಿರುತ್ತೆ, ಎರಕದಲ್ಲಿ ಆ ಚೂಪು ಬರೋದು ಕಷ್ಟ. ಅಂಚು ನೋಡೋದನ್ನ ಜನ ಮರೀತಾರೆ, ನಕಲಿ ಮಾಡೋರೂ ಅಲ್ಲೇ ಸೋಮಾರಿತನ ಮಾಡಿರ್ತಾರೆ. ಹಳೇ ಸಾಲಿನ ಬೆಳ್ಳಿ ರೂಪಾಯಿಗೆ ನೇರ ಗೀರಿನ ಅಂಚು. 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಸಿದಾಗ ಗೀರಿನ ಮಧ್ಯೆ ಇನ್ನೊಂದು ವಿನ್ಯಾಸ ಓಡೋ ಸೆಕ್ಯೂರಿಟಿ ಅಂಚು ಬಂತು, ಅದನ್ನ ತಂದದ್ದೇ ಖೋಟಾ ತಡೆಯೋಕೆ.

ಮೂರನೆಯದು ಹೊಸ ಡೈ ಮಾಡಿ ಪ್ರೆಸ್‌ನಲ್ಲೇ ಹೊಡೆದದ್ದು, ಇದು ಅತಿ ಅಪಾಯ. ಇದಕ್ಕೆ ತೂಕ ಮತ್ತು ಲೋಹದಿಂದ ಶುರು ಮಾಡಿ. ತೂಕದಲ್ಲಿ ಒಂದು ಸೂಕ್ಷ್ಮ ಇದೆ, ಸವೆದ ರೂಪಾಯಿ 11.66ಕ್ಕಿಂತ ಸ್ವಲ್ಪ ಕಮ್ಮಿ ಬರೋದು ಸಹಜ, ಆದ್ರೆ ಸವೆದು ಕೂಡ 11.66 ದಾಟಿದ್ರೆ ಅನುಮಾನ ಪಡಲೇಬೇಕು. ಆಮೇಲೆ ನೀರಿನ ಪರೀಕ್ಷೆ, ಮನೆಯಲ್ಲೇ ಆಗುತ್ತೆ. ಗ್ರಾಂನ ನೂರನೇ ಪಾಲು ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ತೆಳು ದಾರ ಕಟ್ಟಿ ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡೀರಿ, ಗಾಳಿ ಗುಳ್ಳೆ ಅಂಟಿಕೊಂಡಿರಬಾರದು. ತಕ್ಕಡಿ ಒಂದು ಅಂಕಿ ತೋರಿಸುತ್ತೆ. ನಾಣ್ಯದ ಒಣ ತೂಕವನ್ನ ಆ ಅಂಕಿಯಿಂದ ಭಾಗಿಸಿದ್ರೆ ಸಾಂದ್ರತೆ. 11.60 ಗ್ರಾಂ ತೂಗೋ ಒಳ್ಳೆ ಬೆಳ್ಳಿ ರೂಪಾಯಿಗೆ 1.12 ಹತ್ತಿರ ಬರಬೇಕು, ಅಂದ್ರೆ ಸಾಂದ್ರತೆ 10.3 ಸುಮಾರು. ಅರ್ಧ ಬೆಳ್ಳಿಯ 1940ರ ದಶಕದ ಲೋಹ ಆಗಿದ್ರೆ 1.22 ಹತ್ತಿರ ಬರುತ್ತೆ. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆಗಿದ್ರೆ 1.3 ದಾಟುತ್ತೆ. ವ್ಯತ್ಯಾಸ ಇಷ್ಟು ಸ್ಪಷ್ಟ ಇರೋದ್ರಿಂದ ತಕ್ಕಡಿ ಸ್ವಲ್ಪ ಆಚೀಚೆ ಆದ್ರೂ ಉತ್ತರ ಗೊತ್ತಾಗುತ್ತೆ.

ಆದ್ರೆ ಲೋಹ ಸರಿ ಇದೆ ಅಂದ ಮಾತ್ರಕ್ಕೆ ನಾಣ್ಯ ಅಸಲಿ ಅಂತ ಆಗಲ್ಲ. ಹಳೇ ಬೆಳ್ಳಿಯನ್ನೇ ಕರಗಿಸಿ ಹೊಡೆದ್ರೆ ತೂಕವೂ ಸರಿ ಬರುತ್ತೆ, ನೀರೂ ಪಾಸ್ ಮಾಡುತ್ತೆ. ಅಲ್ಲಿಂದ ಮುಂದೆ ಉಳಿಯೋದು ಅಚ್ಚಿನ ಹೋಲಿಕೆ ಮಾತ್ರ. ದೊಡ್ಡ ಹರಾಜು ಸಂಸ್ಥೆಗಳ ಹಳೇ ಹರಾಜಿನ ಫೋಟೋಗಳು ನೆಟ್‌ನಲ್ಲಿ ಸಿಗುತ್ತೆ, ಅಸಲಿ ಅಂತ ಒಪ್ಪಿಕೊಂಡಿರೋ ನಾಲ್ಕೈದು ನಾಣ್ಯದ ಫೋಟೋ ಇಟ್ಕೊಂಡು ಇಸವಿಯ ಅಂಕಿಗಳ ನಡುವಿನ ಅಂತರ, ಅಕ್ಷರ ಅಂಚಿನ ಸುತ್ತಲಿನ ಯಾವ ಮಣಿಯ ನೇರಕ್ಕೆ ಬರುತ್ತೆ, ಕಿರೀಟದ ತುದಿ ಯಾವ ಅಕ್ಷರದ ಹತ್ತಿರ ಬರುತ್ತೆ ಅನ್ನೋದನ್ನ ನಿಧಾನವಾಗಿ ನೋಡಬೇಕು. ಇನ್ನೊಂದು ಒಳ್ಳೆ ಸುಳಿವು, ಬೇರೆ ಬೇರೆ ಕಡೆ ಮಾರಾಟಕ್ಕಿರೋ ಎರಡು "ರೇರ್" ನಾಣ್ಯದಲ್ಲಿ ಅದೇ ಜಾಗದಲ್ಲಿ ಅದೇ ತಗ್ಗು ಏಟು ಕಂಡ್ರೆ ಎರಡೂ ಒಂದೇ ನಾಣ್ಯದಿಂದ ತೆಗೆದ ನಕಲು, ಯಾಕಂದ್ರೆ ನೆಲಕ್ಕೆ ಬಿದ್ದ ಏಟು ಇಬ್ಬರಿಗೆ ಒಂದೇ ಥರ ಆಗೋದಿಲ್ಲ.

ಮ್ಯಾಗ್ನೆಟ್ ಬಗ್ಗೆ ಒಂದು ಮಾತು. ಬೆಳ್ಳಿ ಅಂಟಬಾರದು, ಅಂಟಿದ್ರೆ ಕಬ್ಬಿಣ ಇದೆ, ಅಷ್ಟು ಎಲ್ಲರಿಗೂ ಗೊತ್ತು. ಆದ್ರೆ 1947ರ ಹುಲಿ ರೂಪಾಯಿ ಶುದ್ಧ ನಿಕ್ಕಲ್, ಅದು ಮ್ಯಾಗ್ನೆಟ್‌ಗೆ ಅಂಟಲೇಬೇಕು, ಅಂಟದಿದ್ರೇನೇ ಅನುಮಾನ. ಸ್ವಾತಂತ್ರ್ಯದ ನಂತರದ ಮೊದಲ ನಿಕ್ಕಲ್ ರೂಪಾಯಿಗಳಿಗೂ ಇದೇ ಮಾತು.

ಸ್ವಾತಂತ್ರ್ಯದ ನಂತರದ ಚಿಲ್ಲರೆಯಲ್ಲಿ ವೆರೈಟಿ ಹುಡುಕೋರಿಗೆ ಮುಖ್ಯವಾದ್ದು ಇಸವಿ ಕೆಳಗಿನ ಮಿಂಟ್ ಮಾರ್ಕ್, ಅಂದ್ರೆ ಯಾವ ಟಂಕಸಾಲೆಯದ್ದು ಅಂತ ಹೇಳೋ ಗುರುತು. ವಜ್ರದ ಆಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ದುಂಡು ಚುಕ್ಕೆ ಇದ್ರೆ 1988ರಲ್ಲಿ ಶುರುವಾದ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತಾ. ಹೈದರಾಬಾದ್‌ನವರು ಹಿಂದೆ ಒಡೆದ ವಜ್ರ, ಒಳಗೆ ಚುಕ್ಕೆ ಇರೋ ವಜ್ರ ಕೂಡ ಹಾಕಿದ್ದಾರೆ, ಸವೆದ ನಾಣ್ಯದಲ್ಲಿ ಅದು ಮುಂಬೈ ಹಾಗೇ ಕಾಣುತ್ತೆ. ಚಿಲ್ಲರೆ ಸಾಲದೆ ಹೊರದೇಶದಲ್ಲಿ ಹೊಡೆಸಿದ್ದೂ ಇದೆ, 1985ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಹೀಟನ್‌ದು ಎಚ್, ಒಟಾವಾದ್ದು ಸಿ, ಆಮೇಲೆ ಮಾಸ್ಕೋದ್ದು ಎಂಎಂಡಿ, ಸ್ಲೊವಾಕಿಯಾದ ಕ್ರೆಮ್ನಿಟ್ಸಾದ್ದು ಎಂಕೆ. ಇವುಗಳಲ್ಲಿ ಬಹುಪಾಲು ಸಾಮಾನ್ಯ ನಾಣ್ಯಗಳೇ, ವಿದೇಶಿ ಗುರುತು ಇದೆ ಅಂದ ಮಾತ್ರಕ್ಕೆ ಬೆಲೆ ಇಲ್ಲ. ಕೋಲ್ಕತ್ತಾಗೆ ಗುರುತೇ ಇಲ್ಲದ್ದರಿಂದ ಚುಕ್ಕೆ ಕೆರೆದು ಕೋಲ್ಕತ್ತಾ ಮಾಡೋದು ಸುಲಭ, ಗುರುತು ಇರಬೇಕಾದ ಜಾಗದ ಮೈ ಹೇಗಿದೆ ಅಂತ ಲೂಪ್‌ನಲ್ಲಿ ನೋಡಿ.

ಎರರ್ ಹೆಸರಲ್ಲಿ ಮಾರೋ ಮೂರು ವಿಷಯ ಗೊತ್ತಿರಲಿ. ಅಕ್ಷರ ಎರಡೆರಡು ಕಾಣೋದು: ಪಕ್ಕದಲ್ಲಿ ಮೆಟ್ಟಿಲ ಹಾಗೆ ಚಪ್ಪಟೆ ನೆರಳಿದ್ರೆ ಹೊಡೆಯೋವಾಗ ಡೈ ಅಲುಗಾಡಿದ್ದು, ಬೆಲೆ ಇಲ್ಲ, ಎರಡೂ ಅಕ್ಷರ ದುಂಡಗೆ ಪೂರ್ತಿ ಎತ್ತರಕ್ಕೆ ಇದ್ದು ತುದಿಯಲ್ಲಿ ಸೀಳು ಕಂಡ್ರೆ ಮಾತ್ರ ಡೈಯಲ್ಲೇ ಎರಡಾದದ್ದು. ತಿರುಗಿದ ಡೈ: ನಾಣ್ಯನ ಪುಸ್ತಕದ ಹಾಳೆ ಮಗುಚೋ ಹಾಗೆ ಮಗುಚಿದ್ರೆ ಹಿಂಬದಿ ನೆಟ್ಟಗೆ ಬರಬೇಕು, ಸ್ವಲ್ಪ ವಾಲಿದ್ರೆ ಅದು ಮಾಮೂಲಿ, ತಲೆಕೆಳಗಾಗಿದ್ರೆ ನೋಡಬೇಕಾದ್ದು. ಇನ್ನು ಬ್ರಾಕೇಜ್, ಅಂದ್ರೆ ಹಿಂದಿನ ನಾಣ್ಯ ಡೈಗೆ ಅಂಟಿಕೊಂಡು ಮುಂದಿನ ಬಿಲ್ಲೆ ಮೇಲೆ ಅದರದ್ದೇ ಉಲ್ಟಾ ತಗ್ಗು ಚಿತ್ರ ಒತ್ತಿದ್ದು. ಇದನ್ನ ಇಕ್ಕಳದಲ್ಲಿ ಎರಡು ನಾಣ್ಯ ಒತ್ತಿ ನಕಲು ಮಾಡ್ತಾರೆ, ಹಾಗೆ ಮಾಡಿದ್ದರಲ್ಲಿ ಹಿಂಬದಿಯ ಚಿತ್ರ ಅಪ್ಪಚ್ಚಿ ಆಗಿರುತ್ತೆ, ಅಸಲಿಯಲ್ಲಿ ಹಿಂಬದಿ ಚೂಪಾಗೇ ಇರುತ್ತೆ. ಮತ್ತೆ, ವಿನ್ಯಾಸ ಬೇರೆ ಇದೆ ಅಂತ 10 ರೂಪಾಯಿ ನಾಣ್ಯನ ನಕಲಿ ಅನ್ನೋದು ಕೂಡ ತಪ್ಪು, ಆವರೆಗೆ ಬಂದ 14 ವಿನ್ಯಾಸವೂ ಚಾಲ್ತಿಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ನಮ್ಮ ಮೈಸೂರಿನ ನಾಣ್ಯಗಳ ಲೆಕ್ಕ ಬೇರೆ. ಟಿಪ್ಪುವಿನ ಆನೆ ಪೈಸೆ ಇರಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡದಲ್ಲಿ ಮಯಿಲಿ ಕಾಸು ಅಂತ ಬರೆದ ತಾಮ್ರ ಇರಲಿ, ಸುತ್ತಿಗೆಯಲ್ಲಿ ಹೊಡೆದ ಕೈ ಕೆಲಸ. ಬಿಲ್ಲೆ ಎಷ್ಟೋ ಸಲ ಡೈಗಿಂತ ಚಿಕ್ಕದು, ಹಾಗಾಗಿ ಒಂದೊಂದು ನಾಣ್ಯದಲ್ಲಿ ಚಿತ್ರದ ಒಂದೊಂದು ಭಾಗ ಮಾತ್ರ ಬಂದಿರುತ್ತೆ, ಹಲವು ನಾಣ್ಯ ಸೇರಿಸಿ ಪೂರ್ತಿ ಡೈ ಹೇಗಿತ್ತು ಅಂತ ಕಟ್ಟಬೇಕು. ಆನೆ ಯಾವ ಕಡೆ ಮುಖ ಮಾಡಿದೆ, ಬಾಲ ಎತ್ತಿದೆಯಾ, ಟಂಕಸಾಲೆ ಪಟ್ಟಣ (ಶ್ರೀರಂಗಪಟ್ಟಣ) ಆ ನಗರ (ಬಿದನೂರು) ಆ ಅಂತ ನೋಡ್ತಾರೆ. ಟಿಪ್ಪು ತನ್ನದೇ ಮೌಲೂದಿ ಶಕೆ ಶುರು ಮಾಡಿದ ಮೇಲೆ ಇಸವಿಯ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ, ಸಾಮಾನ್ಯವಾಗಿ ಓದೋ ಹಾಗೆ ಓದಿದ್ರೆ ಅರ್ಥ ಇಲ್ಲದ ಸಂಖ್ಯೆ ಬರುತ್ತೆ. ಪ್ರವಾಸಿ ಜಾಗಗಳಲ್ಲಿ ಕೈಯಲ್ಲಿ ಹಿಡ್ಕೊಂಡು ಬಂದು ಮಾರೋ "ಟಿಪ್ಪು ನಾಣ್ಯ"ಗಳನ್ನ ನಂಬಬೇಡಿ, ಅಸಲಿ ನಾಣ್ಯ ನೂರು ಸಲ ಕೈಯಲ್ಲಿ ಹಿಡಿದು ನೋಡದೆ ಈ ಸಾಲಿಗೆ ದುಡ್ಡು ಹಾಕೋದು ಬೇಡ.

ಇನ್ನು ರಾಮ ಸೀತೆ ಹನುಮಂತನ ಚಿತ್ರ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್ ಒನ್ ಅಣಾ, 1818 ಅಂತ ಇರೋ ದಪ್ಪ ತಾಮ್ರದ್ದು, ಅದನ್ನ ಇಟ್ಕೊಂಡು ಕೋಟಿ ಕನಸು ಕಾಣೋರು ಪ್ರತಿ ಊರಲ್ಲೂ ಇದ್ದಾರೆ, ಪಾಪ. ಅದು ನಾಣ್ಯವೇ ಅಲ್ಲ, ಯಾವ ಕಂಪನಿ ಟಂಕಸಾಲೆಯೂ ಅಂಥದ್ದು ಹೊಡೆದಿಲ್ಲ, ಇಡೀ ದೇಶಕ್ಕೆ ಒಂದೇ ಥರದ ಕಂಪನಿ ನಾಣ್ಯ ಬಂದದ್ದೇ 1835ರಲ್ಲಿ. 2012ರ ವೈಷ್ಣೋದೇವಿ 5, 10 ರೂಪಾಯಿಗೆ ಲಕ್ಷ ಅನ್ನೋದೂ ಸುಳ್ಳು. ಹಳೇ ನಾಣ್ಯ ಕೊಂಡ್ಕೋತೀವಿ, ಮೊದಲು ಫೀಸ್ ಕಟ್ಟಿ, ಕಮಿಷನ್ ಕಟ್ಟಿ ಅಂತ ತನ್ನ ಹೆಸರಲ್ಲಿ ಬರೋ ಕರೆಗಳನ್ನ ನಂಬಬೇಡಿ ಅಂತ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ.

ದುಬಾರಿ ನಾಣ್ಯ ಕೊಳ್ಳೋದಾದ್ರೆ ಎನ್‌ಜಿಸಿ, ಪಿಸಿಜಿಎಸ್ ಥರದ ಸಂಸ್ಥೆಗಳು ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟಿರೋದನ್ನ ಹುಡುಕಿ. ಡಬ್ಬಿಯನ್ನೂ ನಕಲಿ ಮಾಡ್ತಾರೆ, ಹಾಗಾಗಿ ಅದರ ಮೇಲಿನ ನಂಬರ್‌ನ ಆ ಸಂಸ್ಥೆಯ ಸೈಟ್‌ನಲ್ಲಿ ಹಾಕಿ, ಫೋಟೋ ಇದ್ರೆ ಗೀರು ಗೀರಿಗೂ ಹೋಲಿಸಿ. ಲೇಬಲ್ ಮೇಲೆ ರೀಸ್ಟ್ರೈಕ್ ಅಂತ ಇದೆಯಾ ನೋಡಿ, ಟಂಕಸಾಲೆಯವರೇ ಸಂಗ್ರಹಕಾರರಿಗಾಗಿ ಹಳೇ ಡೈಗಳಿಂದ ಆಮೇಲೆ ಹೊಡೆದುಕೊಟ್ಟದ್ದು ಅದು, ನಕಲಿ ಅಲ್ಲ, ಆದ್ರೆ ಮೂಲದ ಬೆಲೆಯೂ ಅಲ್ಲ. ಕೆಲವು ನೂರು ರೂಪಾಯಿಯ ವೆರೈಟಿಗೆ ಡಬ್ಬಿ ಖರ್ಚು ದಂಡ, ಒಳ್ಳೆ ಫೋಟೋ, ತೂಕ, ಯಾರಿಂದ ಯಾವಾಗ ತಗೊಂಡಿದ್ದು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ರೆ ಸಾಕು. ಪಿವಿಸಿ ಕವರ್‌ನಲ್ಲಿ ಇಡಬೇಡಿ, ಕೆಲ ವರ್ಷಕ್ಕೆ ಹಸಿರು ಜಿಗುಟು ಬರುತ್ತೆ.

ಹೊರದೇಶದಲ್ಲಿರೋ ನಮ್ಮವರು ರಜೆಗೆ ಬಂದು ಅಜ್ಜಿ ಪೆಟ್ಟಿಗೆಯ ರೂಪಾಯಿಗಳನ್ನ ಸೂಟ್‌ಕೇಸ್‌ಗೆ ಹಾಕ್ಕೊಂಡು ಹೋಗೋಣ ಅಂತಾರೆ, ಅವರಿಗೆ ಇದು ಗೊತ್ತಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನ ದೇಶದ ಹೊರಗೆ ಒಯ್ಯೋ ಹಾಗಿಲ್ಲ. 1862 ಆಗಲಿ 1911 ಆಗಲಿ ಇಲ್ಲೇ ಇರಬೇಕು. ಆರನೇ ಜಾರ್ಜ್ ಕಾಲದ್ದು ಇನ್ನೂ ನೂರು ಮುಟ್ಟಿಲ್ಲ, ಆದ್ರೂ ಏರ್‌ಪೋರ್ಟ್‌ನಲ್ಲಿ ವಾದ ಮಾಡೋ ಬದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪುರಾತನ ವಸ್ತು ಅಲ್ಲ ಅನ್ನೋ ಪತ್ರ ಮೊದಲೇ ತಗೊಂಡು ನಾಣ್ಯದ ಜೊತೆ ಇಟ್ಕೊಳ್ಳಿ.